ಮಗುವಿನ ವಯಸ್ಸು ಮತ್ತು ಗೃಹಸ್ಥನ ಸತ್ಯವ್ರತ

ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಬಂಧುಗಳ ಮದುವೆಗೆ ಹೊರಡುವ ಗೃಹಸ್ಥನ ಪಾಡು ಹಾಗೆ ಹೊರಟವರಿಗೇ ಗೊತ್ತು. ಹಿಂದಿನ ದಿನವೇ ಚಪಾತಿ, ಶೇಂಗಾ ಚಟ್ನಿ, ಹಚ್ಚಿದ ಅವಲಕ್ಕಿ ಕಟ್ಟಿಡಬೇಕು. ಸೋಸಿ ಕಾಯಿಸಿದ ನೀರನ್ನು ಬಾಟಲಿಗಳಿಗೆ ತುಂಬಬೇಕು. ಸೂರ್ಯಾಸ್ತಕ್ಕೆ ಮೊದಲು ಮಕ್ಕಳ ಊಟ ಎಲ್ಲಿ ಮುಗಿಯಬೇಕೆಂಬುದನ್ನು ರೈಲಿನ ವೇಳೆಯೊಡನೆ ಹೊಂದಿಸಿಕೊಳ್ಳಬೇಕು. ಮದುಮಗಳಿಗೆ ಒಯ್ಯುವ ಸೀರೆ ಮುದುಡದಂತೆ ಚೀಲದ ಮೇಲ್ಭಾಗದಲ್ಲಿರಬೇಕು. ಇಷ್ಟೆಲ್ಲ ಎಚ್ಚರ ವಹಿಸುವ ಶ್ರಾವಕನು ಒಂದು ವಿಷಯದಲ್ಲಿ ಮಾತ್ರ ಎಚ್ಚರ ತಪ್ಪುವುದುಂಟು. ಹೊಸ್ತಿಲು ದಾಟುವ ಮುನ್ನ ಮಗನನ್ನು ಹತ್ತಿರ ಕರೆದು ಅವನು ಒಂದು ಮಾತು ಹೇಳಿಕೊಡುತ್ತಾನೆ: “ಯಾರರ ಕೇಳಿದ್ರ ಐದು ವರ್ಷ ಅನ್ನು.”

ಮಗನಿಗೆ ಏಳು ತುಂಬಿದೆ.

ಇದನ್ನು ಸುಳ್ಳೆಂದು ಕರೆಯಲು ಹೆಚ್ಚಿನವರು ಒಪ್ಪುವುದಿಲ್ಲ. ಇದು ಪ್ರಯಾಣದ ಜಾಣತನ, ಮಿತವ್ಯಯ, ಎಲ್ಲರೂ ಮಾಡುವ ಕೆಲಸ. ವ್ಯಾಪಾರದಲ್ಲಿ ತೂಕ ಕಡಿಮೆ ಮಾಡದವನು, ಸಾಲದ ಪತ್ರದಲ್ಲಿ ಒಂದಂಕೆ ತಿದ್ದದವನು ಕೂಡ ಮಗುವಿನ ವಯಸ್ಸಿನಲ್ಲಿ ಎರಡು ವರ್ಷ ಇಳಿಸುವಾಗ ಅಳುಕುವುದಿಲ್ಲ. ಅಳುಕದಿರುವುದೇ ಈ ಸಂಗತಿಯನ್ನು ವಿಚಾರಕ್ಕೆ ಯೋಗ್ಯವನ್ನಾಗಿ ಮಾಡುತ್ತದೆ.

ಕೊಪ್ಪಳ ತಾಲೂಕಿನ ಅಳವಂಡಿಯಿಂದ ಹುಬ್ಬಳ್ಳಿಯ ಮದುವೆಗೆ ಹೊರಟ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ತಂದೆ, ತಾಯಿ, ಹತ್ತು ವರ್ಷದ ಮಗಳು, ಏಳು ವರ್ಷದ ಮಗ. ಮದುವೆ ತಂದೆಯ ಅಕ್ಕನ ಮಗಳದು. ಹೋಗದಿದ್ದರೆ ಅಕ್ಕ ಬದುಕಿರುವವರೆಗೆ ಆಡುವಳು. ಅಳವಂಡಿಯಿಂದ ಕೊಪ್ಪಳಕ್ಕೆ ಬಸ್ಸು, ಅಲ್ಲಿಂದ ಭಾನಾಪುರ, ಗದಗ, ಅಣ್ಣಿಗೇರಿಗಳ ಮೇಲೆ ಹುಬ್ಬಳ್ಳಿಗೆ ರೈಲು. ಸಾರಿಗೆ ನಿಗಮದ ಬಸ್ಸಿನಲ್ಲಿ ಆರು ವರ್ಷ ತುಂಬದ ಮಗುವಿಗೆ ಟಿಕೇಟು ಬೇಕಿಲ್ಲ. ಆರರಿಂದ ಹನ್ನೆರಡರವರೆಗೆ ಅರ್ಧ. ರೈಲಿನಲ್ಲಿ ಆ ಗಡಿ ಐದು ವರ್ಷಕ್ಕೆ ಬರುತ್ತದೆ. ಆದುದರಿಂದ ಹುಡುಗನಿಗೆ ಹೇಳಿಕೊಟ್ಟ ಪಾಠ ಒಂದೇ ದಿನದಲ್ಲಿ ಎರಡು ಬಾರಿ ಬದಲಾಗಬೇಕಾಗುತ್ತದೆ. ಬಸ್ಸಿನಲ್ಲಿ ಅವನು ಐದು ವರ್ಷದವನು. ಕೊಪ್ಪಳದ ನಿಲ್ದಾಣದಲ್ಲಿ ರೈಲು ಹತ್ತುವಾಗ ನಾಲ್ಕು ವರ್ಷದವನು. ಹುಬ್ಬಳ್ಳಿಯ ಮದುವೆಮನೆಯಲ್ಲಿ ಸೋದರತ್ತೆ ಗಲ್ಲ ಹಿಡಿದು, “ಎಷ್ಟು ಎತ್ತರ ಆಗ್ಯಾನ! ಈಗ ಎಷ್ಟು ವರ್ಷಪಾ ನಿನಗ?” ಎಂದು ಕೇಳಿದಾಗ ಅವನು ಥಟ್ಟನೆ ಉತ್ತರಿಸುವುದಿಲ್ಲ. ತಂದೆಯ ಮುಖ ನೋಡುತ್ತಾನೆ, ಮೆಲ್ಲಗೆ, “ಅಪ್ಪಾ, ಇಲ್ಲಿ ಎಷ್ಟು ಹೇಳ್ಲಿ?” ಎನ್ನುತ್ತಾನೆ.

ನೆರೆದವರು ನಗುತ್ತಾರೆ. ತಂದೆಯೂ ನಗುತ್ತಾನೆ. ಆದರೆ ಹುಡುಗ ವಿನೋದಕ್ಕಾಗಿ ಕೇಳಿದ್ದಲ್ಲ. ಬೆಳಗಿನವರೆಗೆ ತನ್ನ ವಯಸ್ಸು ಅವನಿಗೆ ಗೊತ್ತಿದ್ದ ಒಂದು ನಿಜವಾಗಿತ್ತು. ಹುಟ್ಟುಹಬ್ಬದ ದಿನ ತಾಯಿ ಪಾಯಸ ಮಾಡಿ ಎಣಿಸಿ ಹೇಳಿದ ನಿಜ. ಸಂಜೆಯ ಹೊತ್ತಿಗೆ ಅದು ಕೇಳುವವರನ್ನು ನೋಡಿ ಹೇಳಬೇಕಾದ ಸಂಗತಿಯಾಯಿತು.

ಶ್ರಾವಕಾಚಾರದ ಗ್ರಂಥಗಳು ಈ ಪ್ರಸಂಗವನ್ನು ಊಹಿಸಿರಲಿಲ್ಲ. ರೈಲೂ ಇರಲಿಲ್ಲ, ಅರ್ಧ ಟಿಕೇಟೂ ಇರಲಿಲ್ಲ. ಆದರೂ ಅವುಗಳ ವಿಂಗಡಣೆ ಎಷ್ಟು ಸೂಕ್ಷ್ಮವಾಗಿದೆಯೆಂದರೆ ಈ ಪ್ರಸಂಗ ಅಲ್ಲಿಂದ ತಪ್ಪಿಸಿಕೊಳ್ಳಲಾರದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸತ್ಯಾಣುವ್ರತವನ್ನು ನಿರೂಪಿಸುವಾಗ ಗೃಹಸ್ಥನು ಸ್ಥೂಲವಾದ ಸುಳ್ಳನ್ನು ತಾನು ಹೇಳಬಾರದೆಂದಷ್ಟೇ ಹೇಳಿ ನಿಲ್ಲುವುದಿಲ್ಲ, ಇತರರಿಂದ ಹೇಳಿಸಲೂಬಾರದೆಂದು ಸೇರಿಸುತ್ತಾರೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದು ಮಿಥ್ಯೋಪದೇಶ, ಎಂದರೆ ತಪ್ಪನ್ನು ಬೋಧಿಸುವುದು. ಅಚೌರ್ಯದ ಅತಿಚಾರಗಳಲ್ಲಿ ಅಳತೆ ತೂಕಗಳನ್ನು ಹೆಚ್ಚು ಕಡಿಮೆ ಮಾಡುವುದೂ ಒಂದು. ಅದು ವ್ಯಾಪಾರಿಯ ಬಳ್ಳ, ಕೊಳಗಗಳನ್ನು ಕುರಿತ ಮಾತೆಂಬುದು ನಿಜ. ಆದರೆ ವಯಸ್ಸಿನ ಆಧಾರದ ಮೇಲೆ ದರ ನಿಂತಾಗ ವಯಸ್ಸೂ ಒಂದು ಅಳತೆಯೇ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಐದು ಸ್ಥೂಲಾಸತ್ಯಗಳನ್ನು ಎಣಿಸುವಾಗ ಕನ್ಯೆಯನ್ನು ಕುರಿತ ಸುಳ್ಳನ್ನು ಎಲ್ಲಕ್ಕೂ ಮೊದಲು ಇಡುತ್ತದೆ. ಮದುವೆಮನೆಗೆ ಹೊರಟವರಿಗೆ ಇದು ವಿಶೇಷವಾಗಿ ನೆನಪಾಗಬೇಕಾದ ಮಾತು. ಕನ್ಯೆಯ ವಯಸ್ಸನ್ನು ಮುಚ್ಚಿಟ್ಟು ಸಂಬಂಧ ಬೆಳೆಸಿದವರನ್ನು ನಿಂದಿಸುವ ಬಂಧುವರ್ಗ, ಅದೇ ಮದುವೆಗೆ ಬರುವ ದಾರಿಯಲ್ಲಿ ತನ್ನ ಮಕ್ಕಳ ವಯಸ್ಸನ್ನು ಮುಚ್ಚಿಟ್ಟಿರುತ್ತದೆ.

ಇಲ್ಲಿ ಇನ್ನೊಂದು ಅಂಶವೂ ಇದೆ. ಎಂಟು ವರ್ಷ ತುಂಬಿದ ಬಳಿಕವೇ ಮನುಷ್ಯನು ವ್ರತಧಾರಣೆಗೆ ಅರ್ಹನಾಗುತ್ತಾನೆಂಬುದು ಆಗಮ ಪರಂಪರೆಯ ಮಾತು. ಏಳು ವರ್ಷದ ಹುಡುಗನಿಗೆ ಮುರಿಯಲು ತನ್ನದೆಂಬ ವ್ರತವಿಲ್ಲ. ಕೃತ, ಕಾರಿತ, ಅನುಮತ ಎಂದು ಕರ್ಮದ ಮೂರು ದಾರಿಗಳನ್ನು ಹೇಳುವಾಗ, ನಾಲಗೆ ಯಾರದೇ ಆಗಿರಲಿ, ಮಾತಾಡಿಸಿದವನ ಪಾಲು ಕಳೆಯುವುದಿಲ್ಲ. ಬಾಯಿ ಮಗನದು, ಸುಳ್ಳು ತಂದೆಯದು. ತಾನೇ ಹೇಳಿದ್ದರೆ ಅದು ಒಂದು ಸುಳ್ಳಾಗುತ್ತಿತ್ತು. ಮಗನಿಂದ ಹೇಳಿಸಿದ್ದರಿಂದ ಸುಳ್ಳಿನ ಜೊತೆಗೆ ಬೋಧನೆಯೂ ಆಯಿತು.

ಅಳವಂಡಿಯ ಜನ ಸಂತೆಗೂ ಕಚೇರಿಗೂ ಹೋಗುವ ಕೊಪ್ಪಳವು ಪ್ರಾಚೀನ ಕೊಪಣ. ಜೈನರಿಗೆ ಒಂದು ಕಾಲದ ಮಹಾತೀರ್ಥ. ಅಲ್ಲಿಯ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಕ್ರಿ. ಪೂ. 3ನೆಯ ಶತಮಾನದ ಅಶೋಕನ ಕಿರು ಬಂಡೆಶಾಸನಗಳಿವೆ. ದೊಡ್ಡವರಷ್ಟೇ ಅಲ್ಲ, ಸಾಮಾನ್ಯರೂ ಪ್ರಯತ್ನದಿಂದ ಶ್ರೇಯಸ್ಸನ್ನು ಪಡೆಯಬಲ್ಲರೆಂಬುದು ಅವುಗಳ ಸಾರ. ಅದೇ ಕಾಲದ ಶಾಸನಗಳು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರಗಳಲ್ಲಿಯೂ ಇವೆ. ಅಲ್ಲಿ ಇನ್ನಷ್ಟು ಮಾತುಗಳು ಕೂಡಿಕೊಂಡಿವೆ. ತಾಯಿತಂದೆಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂದು ಒಂದರ ಬೆನ್ನಿಗೆ ಒಂದನ್ನು ಕೊರೆಯಿಸಲಾಗಿದೆ. ಕೊರೆಯಿಸಿದವರಿಗೆ ಇವುಗಳ ನಡುವೆ ವಿರೋಧ ತೋರಿದಂತಿಲ್ಲ. ತಂದೆಯ ಮಾತು ಕೇಳುವುದೂ ಸತ್ಯ ನುಡಿಯುವುದೂ ಒಂದೇ ಬಂಡೆಯ ಮೇಲೆ ನೆಮ್ಮದಿಯಾಗಿ ಕುಳಿತಿವೆ. ಅಳವಂಡಿಯ ಬಸ್ಸಿನಲ್ಲಿ ಮಾತ್ರ ಅವು ಜಗಳಕ್ಕೆ ಬೀಳುತ್ತವೆ. ಕಂಡಕ್ಟರು ಬಗ್ಗಿ, “ಎಷ್ಟು ವರ್ಷ ತಮ್ಮಾ?” ಎಂದ ಗಳಿಗೆಯಲ್ಲಿ ಹುಡುಗನು ಒಂದನ್ನು ಪಾಲಿಸಿದರೆ ಇನ್ನೊಂದನ್ನು ಮುರಿಯಬೇಕು. ದೊಡ್ಡವರು ಧರ್ಮಸಂಕಟವೆಂದು ಕರೆಯುವ ಸ್ಥಿತಿಗೆ, ಯಾವ ಅಗತ್ಯವೂ ಇಲ್ಲದೆ, ಕೆಲವು ರೂಪಾಯಿಗಳಿಗಾಗಿ, ಏಳು ವರ್ಷದ ಕೂಸನ್ನು ನೂಕಲಾಗಿದೆ.

ಆ ಹುಡುಗ ಅದೇ ದಿನ ಮತ್ತೊಂದನ್ನೂ ನೋಡುತ್ತಾನೆ. ರೈಲು ತಡವಾಗಿ ಗದಗ ಮುಟ್ಟುವ ಹೊತ್ತಿಗೆ ಹೊತ್ತು ಮುಳುಗಿದೆ. ಫಲಾಟಿನ ಮೇಲೆ ಬಿಸಿ ಬಿಸಿ ಮಿರ್ಚಿ ಬಜ್ಜಿಯ ವಾಸನೆ. ಹುಡುಗ ಹಟ ಹಿಡಿಯುತ್ತಾನೆ, ಅಳುತ್ತಾನೆ. ಎದುರಿನ ಆಸನದ ಹಿರಿಯರೊಬ್ಬರು, “ಸಣ್ಣ ಹುಡುಗ, ತಿನ್ಲಿ ಬಿಡ್ರಿ” ಎನ್ನುತ್ತಾರೆ. ತಂದೆ ಜಗ್ಗುವುದಿಲ್ಲ, ರಾತ್ರಿ ಭೋಜನ ಮನೆತನದಲ್ಲಿಲ್ಲ. ಈ ದೃಢತೆ ಮೆಚ್ಚತಕ್ಕದ್ದೇ. (ಇಷ್ಟು ಎಳೆಯ ಮಕ್ಕಳನ್ನು ಪ್ರಯಾಣದಲ್ಲಿ ಹಸಿದಿರಿಸಬೇಕೇ ಎಂಬುದು ಬೇರೆ ಪ್ರಶ್ನೆ, ಹಗಲಿನ ಬುತ್ತಿಯನ್ನು ಸರಿಯಾಗಿ ಕಟ್ಟಿದ ತಾಯಿಗೆ ಆ ಪ್ರಶ್ನೆ ಎದುರಾಗುವುದು ಕಡಿಮೆ.) ಆದರೆ ಮಗುವಿನ ಕಣ್ಣಿನಿಂದ ನೋಡಿದರೆ ಇಲ್ಲೊಂದು ವಿಚಿತ್ರವಿದೆ. ಬಜ್ಜಿಯ ವಿಷಯದಲ್ಲಿ ಅತ್ತರೂ ಕರೆದರೂ ಕದಲದ ಅಪ್ಪ, ವಯಸ್ಸಿನ ವಿಷಯದಲ್ಲಿ ಯಾರೂ ಕೇಳುವ ಮೊದಲೇ ಕದಲಿದ್ದಾನೆ. ವ್ರತವೆಂಬುದು ತಟ್ಟೆಗೆ ಸೇರಿದ್ದು, ಟಿಕೇಟಿಗೆ ಸೇರಿದ್ದಲ್ಲ ಎಂದು ಮಗು ತಿಳಿದುಕೊಂಡರೆ ಅದರ ತರ್ಕದಲ್ಲಿ ದೋಷ ಹುಡುಕುವುದು ಕಷ್ಟ.

ಬಡತನದ ಮಾತನ್ನು ಇಲ್ಲಿ ಎತ್ತದಿರುವುದು ಅನ್ಯಾಯವಾದೀತು. ಮಳೆ ಕೈಕೊಟ್ಟರೆ ಜೋಳವೂ ಇಲ್ಲ, ಕಡಲೆಯೂ ಇಲ್ಲ ಎಂಬ ಎರೆಭೂಮಿಯ ಸೀಮೆ ಅದು. ವೈಶಾಖದಲ್ಲಿ ಒಂದೇ ವಾರದಲ್ಲಿ ಮೂರು ಲಗ್ನಪತ್ರಿಕೆಗಳು ಬಂದರೆ ಸಣ್ಣ ಹಿಡುವಳಿಯ ಮನೆಗೆ ಬಸ್ಸಿನ ದುಡ್ಡೂ ಭಾರವೇ. ಅಂಥವನು ಮಗುವಿನ ಅರ್ಧ ಟಿಕೇಟನ್ನು ಉಳಿಸಿದರೆ ಅವನ ಮೇಲೆ ಶಾಸ್ತ್ರದ ಕಟ್ಟುಗಳನ್ನು ಎತ್ತಿ ಹಾಕುವುದು ಉಂಡವರ ಧರ್ಮಬೋಧೆಯಾಗುತ್ತದೆ. ಈ ಆಕ್ಷೇಪಣೆಗೆ ತೂಕವಿದೆ. ಆದರೆ ಕರ್ನಾಟಕದಲ್ಲಿ ಇತ್ತೀಚೆಗೆ ತಾನಾಗಿಯೇ ಅದರ ಪರೀಕ್ಷೆ ನಡೆದುಹೋಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಪ್ರಯಾಣ ಉಚಿತವಾಯಿತು. ಕಲ್ಪಿಸಿಕೊಂಡ ಈ ಕುಟುಂಬದಲ್ಲಿ ತಾಯಿಗೂ ಮಗಳಿಗೂ ಬಸ್ಸಿನಲ್ಲಿ ಹಣ ಕೊಡಬೇಕಿಲ್ಲ. ಮೊದಲು ಎರಡು ಪೂರ್ತಿ, ಎರಡು ಅರ್ಧ ಕೊಡಬೇಕಾಗಿದ್ದಲ್ಲಿ ಈಗ ಒಂದು ಪೂರ್ತಿ, ಒಂದು ಅರ್ಧ. ಖರ್ಚು ನೇರವಾಗಿ ಅರ್ಧಕ್ಕೆ ಇಳಿದಿದೆ. ಸುಳ್ಳು ಮಾತ್ರ ಇಳಿಯಲಿಲ್ಲ, ಗಂಡುಮಗುವಿನ ಮೇಲೆ ಒಂಟಿಯಾಗಿ ಬಂದು ಕುಳಿತಿತು. ಬಡತನವೇ ಅದರ ಕಾರಣವಾಗಿದ್ದಲ್ಲಿ ಹೊರೆ ಇಳಿದೊಡನೆ ಅದೂ ಸ್ವಲ್ಪ ಸಡಿಲಬೇಕಾಗಿತ್ತು.

ಹಾಗಾದರೆ ಕಾರಣವೇನು? ಮದುವೆಮನೆಯ ಮುಯ್ಯಿಯ ಪುಸ್ತಕದಲ್ಲಿ ಅದರ ಸುಳಿವು ಸಿಗಬಹುದು. ಹತ್ತು ವರ್ಷದ ಹಿಂದೆ ಇವರ ಮನೆಯ ಮದುವೆಗೆ ಯಾರು ಎಷ್ಟು ಹಾಕಿದ್ದರೆಂಬುದನ್ನು ಈ ತಂದೆ ಹಳೆಯ ಪುಸ್ತಕ ತೆಗೆದು ನೋಡಿ, ಒಂದು ರೂಪಾಯಿ ಹೆಚ್ಚಿಗೆಯೇ ಸೇರಿಸಿ ಮರಳಿಸುತ್ತಾನೆ. ಸಾಲ ಮಾಡಿಯಾದರೂ ಮರಳಿಸುತ್ತಾನೆ. ಅಲ್ಲಿ ಕೊಟ್ಟವರ ಮುಖ ಕಣ್ಣೆದುರಿಗಿದೆ. ನಿಗಮಕ್ಕೆ ಮುಖವಿಲ್ಲ, ರೈಲ್ವೆಗೆ ಮುಖವಿಲ್ಲ. ಕಂಡಕ್ಟರು ಕೂಡ ಸಂಬಳದವನು, ಅವನ ಗಂಟೇನು ಹೋಯಿತು? ಪರಿಚಿತರೊಡನೆ ಮಾತ್ರ ಪ್ರಾಮಾಣಿಕನಾಗಿರುವುದು ಮರ್ಯಾದೆಯ ರಕ್ಷಣೆ. ಅದಕ್ಕೆ ವ್ರತವೇ ಬೇಕೆಂದಿಲ್ಲ, ನೆಂಟರ ನಾಲಗೆಯ ಭಯ ಸಾಕು. ಅಣುವ್ರತಕ್ಕೆ ಕೆಲಸವಿರುವುದು ಕೇಳುವವರ ಹೆಸರು ಗೊತ್ತಿಲ್ಲದ ಕಡೆಯಲ್ಲಿ.

ಸತ್ಯಕ್ಕೆ ಅಪವಾದಗಳಿಲ್ಲವೆಂದಲ್ಲ. ಮೇಲೆ ಹೇಳಿದ ಸಮಂತಭದ್ರರೇ, ಇತರರಿಗೆ ವಿಪತ್ತನ್ನು ತರುವ ಸತ್ಯವನ್ನೂ ಗೃಹಸ್ಥನು ಆಡಬಾರದೆನ್ನುತ್ತಾರೆ. ಜೀವದಯೆಗಾಗಿ ಬಾಯಿ ಮುಚ್ಚಿಕೊಳ್ಳುವ ಅವಕಾಶ ಅದು. ಅದನ್ನು ಜೇಬಿನ ದಯೆಗೆ ವಿಸ್ತರಿಸಲು ಬರುವುದಿಲ್ಲ. ಅದಲ್ಲದೆ ಅರ್ಧ ಟಿಕೇಟೆಂಬುದೇ ಮಕ್ಕಳೊಂದಿಗರ ಕಷ್ಟವನ್ನು ನೋಡಿ ಮಾಡಿದ ರಿಯಾಯಿತಿ. ಅದರಲ್ಲಿ ಒಂದು ಲೆಕ್ಕಾಚಾರವೂ ಇದೆ. 2016ರ ಏಪ್ರಿಲ್ 21ರಿಂದ ರೈಲ್ವೆಯ ಮುಂಗಡ ಟಿಕೇಟಿನಲ್ಲಿ ಐದರಿಂದ ಹನ್ನೆರಡು ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಬರ್ತ್ ಬೇಕಾದರೆ ಪೂರ್ತಿ ದರ, ಬೇಡವಾದರೆ ಅರ್ಧ ದರ. ದೂರದ ಮದುವೆಗಳಿಗೆ ರಾತ್ರಿ ರೈಲಿನಲ್ಲಿ ಹೋಗುವಾಗ ಅರ್ಧ ದರ ಕೊಟ್ಟು, ಇಕ್ಕಟ್ಟಾದ ಒಂದೇ ಬರ್ತಿನ ಮೇಲೆ ಮಗುವನ್ನು ಮಗ್ಗುಲಲ್ಲಿ ಹಾಕಿಕೊಂಡು, ಬೆಳಗಿನವರೆಗೆ ಕಾಲು ಚಾಚದೆ ಕುಳಿತಿರುವ ತಾಯಂದಿರು ಎಷ್ಟೋ ಮಂದಿ. ಹಣವಿಲ್ಲದವರು ಸತ್ಯವನ್ನು ಮೈಯಿಂದ ತೆತ್ತು ಉಳಿಸಿಕೊಳ್ಳುವ ರೀತಿ ಅದು. ಅವರ ಹೆಸರು ಯಾವ ಪುರಾಣದಲ್ಲಿಯೂ ಬರುವುದಿಲ್ಲ. ನಿಜವಾಗಿಯೂ ಕೈಯಲ್ಲಿ ಏನೂ ಇಲ್ಲದವನಿಗೆ ಉಳಿದ ದಾರಿಗಳು ಸುಖದವಲ್ಲ: ಒಬ್ಬನೇ ಹೋಗಿ ಬರಬೇಕು, ಮಕ್ಕಳನ್ನು ಅಜ್ಜಿಯ ಬಳಿ ಬಿಡಬೇಕು, ಅಕ್ಕನ ಮುನಿಸನ್ನು ನುಂಗಬೇಕು. ಇಲ್ಲವೇ ಮಕ್ಕಳನ್ನು ಕೂರಿಸಿಕೊಂಡು, ಟಿಕೇಟಿಗೆ ಇಷ್ಟು ಹೋಗುತ್ತದೆ, ಆದ್ದರಿಂದ ಈ ಸಲ ಹೊಸ ಅಂಗಿ ಇಲ್ಲ ಎಂದು ಬಿಡಿಸಿ ಹೇಳಬೇಕು. ಏಳು ವರ್ಷದ ಮಕ್ಕಳಿಗೆ ಇಂಥ ಲೆಕ್ಕ, ದೊಡ್ಡವರು ತಿಳಿದಿರುವುದಕ್ಕಿಂತ ಚೆನ್ನಾಗಿಯೇ ಅರ್ಥವಾಗುತ್ತದೆ.

ಇನ್ನು, ಒಮ್ಮೆ ಹೇಳಿಕೊಟ್ಟದ್ದನ್ನು ಮರಳಿ ಪಡೆಯುವುದು ಹೇಗೆಂಬುದೇ ಕಠಿಣವಾದ ಭಾಗ. ಮದುವೆಮನೆಯಲ್ಲಿ ಮಗ ಕೇಳಿದ ಪ್ರಶ್ನೆ ಎದೆಗೆ ನಾಟಿ, ಹಿಂದಿರುಗುವಾಗ ನಿಜವನ್ನೇ ಹೇಳಬೇಕೆಂದು ಆ ತಂದೆ ನಿಶ್ಚಯಿಸಿದನೆಂದೇ ಇಟ್ಟುಕೊಳ್ಳಬಹುದು. ಮಗನೊಡನೆ ಮೊದಲೇ ಕುಳಿತು ಮಾತಾಡುವ ಧೈರ್ಯ ಅವನಿಗೆ ಬರುವುದಿಲ್ಲ. ಸದ್ದಿಲ್ಲದೆ ಸರಿಪಡಿಸಿಬಿಟ್ಟರೆ ಸಾಕೆಂದುಕೊಳ್ಳುತ್ತಾನೆ. ಕೊಪ್ಪಳದಲ್ಲಿ ಅಳವಂಡಿಯ ಬಸ್ಸು ಹತ್ತುತ್ತಾರೆ. ಮದುವೆಯ ಸೀಜನ್ನು, ನಿಲ್ಲಲೂ ಜಾಗವಿಲ್ಲ. ತಾಯಿ ಮಗಳಿಬ್ಬರ ಕಾರ್ಡು ನೋಡಿ ಟಿಕೇಟು ಹರಿದುಕೊಟ್ಟ ಕಂಡಕ್ಟರು ಹುಡುಗನತ್ತ ಕೈ ಮಾಡುತ್ತಾನೆ.

“ಇವಗ ಏಳು. ಒಂದು ಫುಲ್, ಒಂದು ಹಾಫ್ ಕೊಡ್ರಿ,” ಎನ್ನುತ್ತಾನೆ ತಂದೆ.

ಹುಡುಗನಿಗೆ ಆಶ್ಚರ್ಯ. ಅವನ ದನಿ ಮೊದಲೇ ದೊಡ್ಡದು. “ಅಪ್ಪಾ, ಹೋಗೂಮುಂದ ಐದು ಅಂದಿದ್ವೆಲ್ಲಾ?”

ಹತ್ತಿರದ ನಾಲ್ಕು ಜನ ತಿರುಗಿ ನೋಡುತ್ತಾರೆ. ಅವರಲ್ಲಿ ಇಬ್ಬರು ಊರವರೇ. ತಾಯಿ ಕಿಟಕಿಯ ಹೊರಗೆ ನೋಡುತ್ತಾಳೆ. ಹುಡುಗ ತಪ್ಪು ಹೇಳಿದನೆಂದು ಗದರಿಸಿದರೆ ಎರಡನೆಯ ಸುಳ್ಳು. ನಕ್ಕು ಹಾರಿಸಿದರೆ ಮೊದಲನೆಯದು ಹಾಗೆಯೇ ಉಳಿಯಿತು.

“ಹೌದಪಾ,” ಎನ್ನುತ್ತಾನೆ ತಂದೆ. “ಆವಾಗ ನಾ ಸುಳ್ಳು ಹೇಳಿಸಿದ್ದೆ.”

ಕಂಡಕ್ಟರು ಏನನ್ನೂ ಅನ್ನುವುದಿಲ್ಲ. ಚಿಲ್ಲರೆ ಇಲ್ಲವೆಂದು ಟಿಕೇಟಿನ ಬೆನ್ನಿಗೆ ಬಾಕಿಯ ಅಂಕೆ ಬರೆದು ಹುಡುಗನ ಕೈಗೆ ಕೊಟ್ಟು, ಜನರನ್ನು ಸರಿಸುತ್ತ ಮುಂದೆ ಹೋಗುತ್ತಾನೆ.