‘ಕೇಳಿದ್ದೀನಿ’ ಅಂದ್ರೆ ಏನರ್ಥ?

ಕೂತ್ಕೊಳ್ಳಿ. ಹಿಂದೆ ನಿಂತಿರೋರು ಮುಂದೆ ಬನ್ನಿ, ಇಲ್ಲಿ ಎರಡು ಸಾಲು ಖಾಲಿ ಇದೆ.

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಕಳೆದ ವಾರ ನೀವು ಎಷ್ಟು ಪ್ರಸಂಗ ಕೇಳಿದ್ರಿ? ಭಾನುವಾರದ್ದು ಬಿಡಿ, ಅದು ಲೆಕ್ಕಕ್ಕಿಲ್ಲ. ಫೋನಲ್ಲಿ, ಬಸ್ಸಲ್ಲಿ, ಅಡುಗೆ ಮಾಡುವಾಗ, ಜಿಮ್ಮಲ್ಲಿ. ನನ್ನ ಲೆಕ್ಕ ಮೊದಲು ಹೇಳ್ತೀನಿ. ನಿಮಗೆ ಗೊತ್ತಿರೋ ಹಾಗೆ ನಾನು ಪೂರ್ಣಾವಧಿ ಸೇವಕನಲ್ಲ. ಬೈಬಲ್ ಕಾಲೇಜಿನಲ್ಲಿ ಡಿಪ್ಲೊಮಾ ಮಾಡಿದೀನಿ, ವಾರವಿಡೀ ಒಂದು ಆಫೀಸಲ್ಲಿ ಅಕೌಂಟ್ಸ್ ನೋಡ್ತೀನಿ. ಕೆಂಗೇರಿಯಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿ ಇಂದಿರಾನಗರದಲ್ಲಿ ಇಳೀತೀನಿ. ಹೋಗ್ತಾ ಒಂದು ಪ್ರಸಂಗ, ಬರ್ತಾ ಒಂದು. ಅದೂ ಒಂದೂವರೆ ಪಟ್ಟು ವೇಗದಲ್ಲಿ. ನಲವತ್ತೈದು ನಿಮಿಷದ ಪ್ರಸಂಗ ಮೂವತ್ತು ನಿಮಿಷಕ್ಕೆ ಮುಗಿಯುತ್ತೆ, ಮಿಕ್ಕ ಸಮಯಕ್ಕೆ ಇನ್ನೊಬ್ಬ ಪಾಸ್ಟರ್‌ದು ಅರ್ಧ. ವಾರಕ್ಕೆ ಹತ್ತು ಹನ್ನೆರಡು ಪ್ರಸಂಗ! ನಮ್ಮ ಅಜ್ಜಿ ಮೂರು ತಿಂಗಳಲ್ಲಿ ಕೇಳ್ತಿದ್ದಷ್ಟನ್ನ ನಾನು ಒಂದು ವಾರದಲ್ಲಿ ಕೇಳ್ತೀನಿ.

ಹಾಗಾದ್ರೆ ನಾನು ಅಜ್ಜಿಗಿಂತ ಹೆಚ್ಚು ವಿಶ್ವಾಸಿನಾ? ನೀವು ನಗ್ತಿದೀರಿ. ಆದ್ರೆ ನಂಬಿಕೆ ಕೇಳುವಿಕೆಯಿಂದ ಬರುತ್ತೆ ಅಂತ ರೋಮಾಪುರದವರಿಗೆ 10:17ರಲ್ಲಿ ಪೌಲ ಬರೀತಾನಲ್ವಾ? ಹೆಚ್ಚು ಕೇಳಿದೋರಿಗೆ ಹೆಚ್ಚು ನಂಬಿಕೆ ಬರ್ಬೇಕು. ಯಾಕೆ ಬರ್ತಿಲ್ಲ?

ಒಂದು ವಿಷಯ ಮೊದಲೇ ಸ್ಪಷ್ಟ ಮಾಡ್ತೀನಿ, ಯಾಕಂದ್ರೆ ‘ಪಾಸ್ಟರ್ ಫೋನಿಗೆ ಬೈದ್ರು’ ಅಂತ ಯಾರೂ ಮನೆಗೆ ಹೋಗಬಾರದು. ಸಭೆ ಯಾವತ್ತೂ ತನ್ನ ಕಾಲದ ಮಾಧ್ಯಮಗಳನ್ನ ಬಳಸಿದೆ. ಪೌಲನ ಪತ್ರಿಕೆಗಳು ಏನು? ಅವನು ಅಲ್ಲಿಲ್ಲದಾಗ ಅವನ ಮಾತು ಸಭೆಗೆ ತಲುಪಿಸಿದ ಸಾಧನ. ಕೊಲೊಸ್ಸೆಯವರಿಗೆ 4:16 ತೆಗೆದು ನೋಡಿ, ಈ ಪತ್ರವನ್ನ ಓದಿದ ಮೇಲೆ ಲವೊದಿಕೀಯದ ಸಭೆಯಲ್ಲೂ ಓದಿಸಿ ಅಂತಾನೆ. ಅಂದಿನ ಫಾರ್ವರ್ಡ್ ಅದು! ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಯವರು ಕನ್ನಡ ಸತ್ಯವೇದದ ಕೆಲಸ ಮಾಡಿ, 1831ರಲ್ಲಿ ಅದು ಪೂರ್ತಿಯಾದಾಗ, ಅಚ್ಚಿನ ಪುಸ್ತಕವೇ ಈ ನಾಡಿಗೆ ಹೊಸ ಮಾಧ್ಯಮ. 1921ರ ಜನವರಿ 2ರಂದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಒಂದು ಸಭೆಯ ಆರಾಧನೆ ರೇಡಿಯೋದಲ್ಲಿ ಪ್ರಸಾರ ಆಯ್ತು. ಮೂರೇ ವರ್ಷದಲ್ಲಿ, 1924ರಲ್ಲಿ, ನಮ್ಮ ಪೆಂಟೆಕೋಸ್ಟ್ ಪರಂಪರೆಯ ಏಮೀ ಸೆಂಪಲ್ ಮ್ಯಾಕ್‌ಫರ್ಸನ್ ಲಾಸ್ ಏಂಜಲೀಸ್‌ನಲ್ಲಿ ತಮ್ಮ ಸಭೆಗೇ ಒಂದು ರೇಡಿಯೋ ಕೇಂದ್ರ ಕಟ್ಟಿಸಿದ್ರು. ಒಬ್ಬ ಹೆಂಗಸು, ಆ ಕಾಲದಲ್ಲಿ!

2020ರ ಲಾಕ್‌ಡೌನ್ ನೆನಪು ಮಾಡ್ಕೊಳ್ಳಿ. ಸಭೆ ಬಾಗಿಲು ಹಾಕಿದಾಗ ನಮ್ಮನ್ನ ಹಿಡಿದು ನಿಲ್ಲಿಸಿದ್ದು ಇದೇ ಫೋನ್. ಇವತ್ತೂ ನೈಟ್ ಶಿಫ್ಟ್ ಮಾಡೋ ನರ್ಸ್ ಸಹೋದರಿಯರು, ಮನೆಯಲ್ಲಿ ಹೇಳದೆ ಗುಟ್ಟಾಗಿ ವಾಕ್ಯ ಕೇಳೋರು, ಹಾಸಿಗೆ ಹಿಡಿದ ಹಿರಿಯರು, ಅವರಿಗೆ ಆ ಇಯರ್‌ಫೋನೇ ಸಭೆ. ಅದನ್ನ ಹಗುರವಾಗಿ ಮಾತಾಡೋ ಅಧಿಕಾರ ನನಗಿಲ್ಲ. ದೇವರು ಅದನ್ನ ಬಳಸ್ತಾನೆ. ಆಮೆನ್?

ಹಾಗಾದ್ರೆ ತೊಂದರೆ ಎಲ್ಲಿದೆ? ನನ್ನ ಸ್ವಂತ ಸಾಕ್ಷಿಯಿಂದ ಹೇಳ್ತೀನಿ. ಇದು ಜಯದ ಸಾಕ್ಷಿ ಅಲ್ಲ, ಮೊದಲೇ ಹೇಳ್ಬಿಡ್ತೀನಿ.

ನನಗೊಬ್ಬ ಅಣ್ಣ ಇದಾನೆ. ಅಮ್ಮನ ಜೊತೆ ಭದ್ರಾವತಿಯಲ್ಲಿರ್ತಾನೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಬಿಲ್ಲನ್ನ ಇಬ್ಬರೂ ಅರ್ಧರ್ಧ ಕೊಡೋದು ಅಂತ ಮಾತಾಗಿತ್ತು. ಅಪ್ಪ ಉಳೀಲಿಲ್ಲ. ಎಲ್ಲಾ ಮುಗಿದ ಮೇಲೆ ಲೆಕ್ಕ ಹಾಕಿದ್ರೆ ನಾನು ಎಂಬತ್ತು ಸಾವಿರ ಜಾಸ್ತಿ ಕೊಟ್ಟಿದ್ದೆ. ಕೇಳಿದೆ. ಅಣ್ಣ ಒಂದು ಮಾತಂದ, ನಾನು ಎರಡು ಮಾತಂದೆ. ಅಪ್ಪನ ಫೋಟೋಗೆ ಹಾಕಿದ್ದ ಹಾರ ಇನ್ನೂ ಬಾಡಿರಲಿಲ್ಲ. ಅವತ್ತು ಬೆಂಗಳೂರಿನ ಬಸ್ ಹತ್ತಿದೋನು ಸುಮಾರು ಮೂರು ವರ್ಷ ಅವನ ಹತ್ರ ಮಾತಾಡ್ಲಿಲ್ಲ. ನಾನು ಅಕೌಂಟ್ಸ್‌ನೋನು ನೋಡಿ, ಆ ಖರ್ಚನ್ನೆಲ್ಲ ತಾರೀಖು ಸಮೇತ ಒಂದು ಎಕ್ಸೆಲ್ ಫೈಲಲ್ಲಿ ಬರೆದಿಟ್ಟಿದ್ದೆ.

ಆ ಮೂರು ವರ್ಷದಲ್ಲಿ ಕ್ಷಮೆಯ ಬಗ್ಗೆ ಎಷ್ಟು ಪ್ರಸಂಗ ಕೇಳಿರಬಹುದು? ಲೆಕ್ಕವಿಲ್ಲ. ಇದೇ ಪುಲ್ಪಿಟ್‌ನಲ್ಲಿ ನಿಂತು ಕ್ಷಮೆಯ ಬಗ್ಗೆ ಎರಡು ಸಾರಿ ಪ್ರಸಂಗ ಮಾಡಿದೀನಿ. ನಿಮ್ಮಲ್ಲಿ ಕೆಲವರು ಅತ್ರಿ ಕೂಡ.

ಒಂದು ದಿನ ಮೆಟ್ರೋದಲ್ಲಿ ಬಹಳ ಒಳ್ಳೆ ಪ್ರಸಂಗ ಕೇಳಿದೆ. ಮತ್ತಾಯ 18, ದೊಡ್ಡ ಸಾಲ ಮನ್ನಾ ಆದ ಆಳು ಚಿಕ್ಕ ಸಾಲಕ್ಕೆ ಇನ್ನೊಬ್ಬನ ಕುತ್ತಿಗೆ ಹಿಡಿದ ಸಾಮ್ಯ. ಕಣ್ಣಲ್ಲಿ ನೀರು ಬಂತು. ಆಗ ಮನಸ್ಸಲ್ಲಿ ಬಂದ ಮೊದಲ ಯೋಚನೆ ಏನು ಗೊತ್ತಾ? ‘ಇದನ್ನ ಅಣ್ಣ ಕೇಳ್ಬೇಕು.’ ತಕ್ಷಣ ನಮ್ಮ ಯೌವನಸ್ಥರ ಗುಂಪಿಗೆ ಕಳಿಸಿದೆ. ಸ್ಟೇಟಸ್‌ಗೆ ಹಾಕಿದೆ, ಅವನಿಗೂ ಕಾಣಲಿ ಅಂತ.

ರಾತ್ರಿ ಅಮ್ಮ ಫೋನ್ ಮಾಡಿದ್ರು. “ನೀನು ಹಾಕಿದ್ದು ಕೇಳ್ದೆ ಕಣಪ್ಪ. ಚೆನ್ನಾಗಿತ್ತು. ನೀನು ಕೇಳಿದ್ಯಾ?”

“ಕೇಳಿನೇ ಹಾಕಿದ್ದು ಅಮ್ಮ.”

“ಅದಲ್ಲಪ್ಪ. ನೀನು ಕೇಳಿದ್ಯಾ ಅಂದೆ.”

ಆಮೇಲೆ ಇಬ್ರೂ ಸುಮ್ಮನಾದ್ವಿ. ಅಮ್ಮ ಮಾತ್ರೆ ತಗೊಂಡೆ ಅಂತೇನೋ ಹೇಳಿ ಫೋನ್ ಇಟ್ರು.

ಪ್ರಿಯರೇ, ಅವತ್ತು ರಾತ್ರಿ ನನಗೆ ನಿದ್ದೆ ಬರ್ಲಿಲ್ಲ. ನಮ್ಮ ಕನ್ನಡದಲ್ಲಿ ‘ಕೇಳು’ ಅನ್ನೋ ಒಂದೇ ಪದಕ್ಕೆ ಮೂರು ಅರ್ಥ ಇದೆ. ಹಾಡು ಕೇಳ್ತೀವಿ, ಅದು ಕಿವಿಯ ಕೆಲಸ. ಪ್ರಶ್ನೆ ಕೇಳ್ತೀವಿ, ಅದು ಬಾಯಿಯ ಕೆಲಸ. ‘ಈ ಹುಡುಗ ಮಾತು ಕೇಳಲ್ಲ’ ಅಂತ ಅಮ್ಮ ಅಂದ್ರೆ ನಾವು ಕಿವುಡರು ಅಂತಲ್ಲ, ವಿಧೇಯರಲ್ಲ ಅಂತ. ಅದು ಕೈಕಾಲಿನ ಕೆಲಸ. ಧರ್ಮೋಪದೇಶಕಾಂಡ 6:4ರಲ್ಲಿ ಇಸ್ರಾಯೇಲಿಗೆ ಕೇಳು ಅಂತ ಹೇಳೋ ಹೀಬ್ರೂ ಪದ ‘ಶೆಮಾ’. ಅದರಲ್ಲೂ ಹೀಗೇ, ಕಿವಿಗೊಡೋದು ಮತ್ತು ವಿಧೇಯರಾಗೋದು ಎರಡೂ ಸೇರಿದೆ. ನಾನು ಮೂರು ವರ್ಷ ಮೊದಲನೇ ಅರ್ಥದಲ್ಲಿ ಮಾತ್ರ ಕೇಳಿದ್ದೆ.

ಮೊದಲನೆಯದು, ಕಿವಿಯಿಂದ ಕೇಳೋದು. ಇದನ್ನ ಫೋನ್ ನನಗಿಂತ ಚೆನ್ನಾಗಿ ಮಾಡಿಕೊಡುತ್ತೆ, ಒಪ್ಕೊಳ್ತೀನಿ. ಆದ್ರೆ ಇದರಲ್ಲಿ ಒಂದು ಅಪಾಯ ಇದೆ. ಯೆಹೆಜ್ಕೇಲ 33ರ ಕೊನೆಯ ವಚನಗಳನ್ನ ಮನೆಗೆ ಹೋಗಿ ಓದಿ. ಜನ ಗೋಡೆಗಳ ಹತ್ರ, ಮನೆ ಬಾಗಿಲಲ್ಲಿ ನಿಂತು ಪ್ರವಾದಿಯ ಬಗ್ಗೆನೇ ಮಾತಾಡ್ತಾರೆ, ಬನ್ನಿ ವಾಕ್ಯ ಕೇಳೋಣ ಅಂತ ಒಬ್ಬರನ್ನೊಬ್ಬರು ಕರೀತಾರೆ, ಬಂದು ಕೂತ್ಕೊಳ್ತಾರೆ. ಯಾರೂ ವಿರೋಧಿಗಳಲ್ಲ! ಆದ್ರೆ ದೇವರು ಯೆಹೆಜ್ಕೇಲನಿಗೆ ಹೇಳ್ತಾನೆ, ಇವರಿಗೆ ನೀನು ಒಳ್ಳೆ ಕಂಠ ಇರೋ ಹಾಡುಗಾರ ಅಷ್ಟೇ, ಕೇಳ್ತಾರೆ ಆದ್ರೆ ನಡೆಯಲ್ಲ ಅಂತ. ಇವತ್ತು ಯಾವ ಪಾಸ್ಟರ್ ಅಂತ ನಾನು ಆರಿಸ್ತೀನಿ, ಎಷ್ಟು ವೇಗ ಅಂತ ನಾನು ತೀರ್ಮಾನಿಸ್ತೀನಿ, ಚುಚ್ಚೋ ಜಾಗ ಬಂದ್ರೆ ಬೆರಳಲ್ಲಿ ಮುಂದೆ ತಳ್ತೀನಿ. ನನಗೆ ಏನಿಷ್ಟ ಅಂತ ಕಲಿತ ಫೋನ್ ಮತ್ತೆ ಅದನ್ನೇ ತಂದುಕೊಡುತ್ತೆ. ಎರಡನೇ ತಿಮೊಥೆಯ 4:3ರಲ್ಲಿ ಪೌಲ ಹೇಳೋ ಕಿವಿಯ ತುರಿಕೆ ಇದೇ.

ದಾವೀದನನ್ನ ನೋಡಿ. ನಾತಾನ ಬಂದು ಬಡವನ ಕುರಿಮರಿಯ ಕಥೆ ಹೇಳಿದಾಗ ದಾವೀದ ಎಷ್ಟು ಗಮನ ಕೊಟ್ಟು ಕೇಳಿದ! ಸಿಟ್ಟಲ್ಲಿ ತೀರ್ಪೂ ಕೊಟ್ಟ. ಆದ್ರೆ ಬೇರೆ ಯಾರೋ ಒಬ್ಬನ ಕಥೆ ಅಂತ ಕೇಳಿದ. ‘ಇದನ್ನ ಅಣ್ಣ ಕೇಳ್ಬೇಕು’ ಅಂದ ಹಾಗೆ. ಆಮೇಲೆ ನಾತಾನ ಅವನ ಕಡೆ ತಿರುಗಿ, ಆ ಮನುಷ್ಯ ನೀನೇ ಅಂದ. ಎದುರಿಗೆ ಒಬ್ಬ ಮನುಷ್ಯ ನಿಂತಿರಲಿಲ್ಲ ಅಂದಿದ್ರೆ, ಆ ಪ್ರಸಂಗ ಕುರಿಮರಿಯ ಕಥೆಯಲ್ಲೇ ನಿಂತುಬಿಡ್ತಿತ್ತು. ನನಗೆ ಅವತ್ತು ನಾತಾನನಾಗಿ ಬಂದಿದ್ದು ನಮ್ಮಮ್ಮ.

ಎರಡನೆಯದು, ಪ್ರಶ್ನೆ ಕೇಳೋದು. ಅಪೊಸ್ತಲರ ಕೃತ್ಯಗಳು 8ನೇ ಅಧ್ಯಾಯದ ಐಥಿಯೋಪ್ಯದ ಕಂಚುಕಿ. ರಥದಲ್ಲಿ ಹೋಗ್ತಾ ಯೆಶಾಯನ ಗ್ರಂಥ ಓದ್ತಿದ್ದಾನೆ. ನಾವು ಮೆಟ್ರೋದಲ್ಲಿ ಕೇಳೋ ಹಾಗೇ, ಪ್ರಯಾಣದಲ್ಲಿ ವಾಕ್ಯ. ಗ್ರಂಥ ಕೈಯಲ್ಲಿದೆ, ಅರ್ಥ ಮಾತ್ರ ಆಗ್ತಿಲ್ಲ. ಅವನು ದೊಡ್ಡ ಅಧಿಕಾರಿ, ರಾಣಿಯ ಖಜಾನೆ ನೋಡಿಕೊಳ್ಳೋನು. ಆದ್ರೂ, ಯಾರಾದ್ರೂ ತಿಳಿಸಿಕೊಡದೆ ನನಗೆ ಹೇಗೆ ಗೊತ್ತಾಗುತ್ತೆ ಅಂದ. ಫಿಲಿಪ್ಪನನ್ನ ರಥ ಹತ್ತಿಸಿ ಪಕ್ಕದಲ್ಲಿ ಕೂರಿಸಿಕೊಂಡ. ಪ್ರವಾದಿ ಯಾರ ವಿಷಯ ಹೇಳ್ತಿದ್ದಾನೆ ಅಂತ ಕೇಳಿದ. ಆ ಪ್ರಶ್ನೆಯಿಂದ ಅವನ ದೀಕ್ಷಾಸ್ನಾನದವರೆಗೆ ಒಂದೇ ಪ್ರಯಾಣ.

ನೀವು ಕೇಳೋ ಪ್ರಸಂಗಗಾರರು ನನಗಿಂತ ನೂರು ಪಾಲು ಚೆನ್ನಾಗಿ ಮಾತಾಡ್ತಾರೆ, ಅದರಲ್ಲಿ ನನಗೆ ಬೇಜಾರಿಲ್ಲ. ಆದ್ರೆ ಅವರಿಗೆ ನಿಮ್ಮ ಹೆಸರು ಗೊತ್ತಿಲ್ಲ. ನೀವು ಎರಡು ವಾರ ಸಭೆಗೆ ಬರಲಿಲ್ಲ ಅಂದ್ರೆ ಅವರು ಫೋನ್ ಮಾಡಲ್ಲ. ‘ಪಾಸ್ಟರ್, ಕ್ಷಮಿಸಿದ್ದೀನಿ ಅಂತೀನಿ, ಆದ್ರೆ ಹೊಟ್ಟೆ ಉರೀತಿದೆ, ನಾನು ಸುಳ್ಳು ಹೇಳ್ತಿದೀನಾ?’ ಅನ್ನೋ ಪ್ರಶ್ನೆಯನ್ನ ವೀಡಿಯೋಗೆ ಕೇಳಕ್ಕಾಗಲ್ಲ. ಅದಕ್ಕೆ ಪಕ್ಕದಲ್ಲಿ ಕೂರೋ ಒಬ್ಬ ಫಿಲಿಪ್ಪ ಬೇಕು. ಈ ಫಿಲಿಪ್ಪ ಅಪೊಸ್ತಲನೂ ಅಲ್ಲ, ಊಟ ಬಡಿಸೋ ಸೇವೆಗೆ ಆರಿಸಿಕೊಂಡ ಏಳು ಜನರಲ್ಲಿ ಒಬ್ಬ. ನಿಮ್ಮ ಸಾಲಲ್ಲಿ ಕೂತಿರೋ ಸಹೋದರಿನೂ ನಿಮಗೆ ಫಿಲಿಪ್ಪ ಆಗಬಹುದು.

ಯೋಹಾನನು ಬರೆದ ಎರಡನೆಯ ಪತ್ರಿಕೆ ಒಂದೇ ಅಧ್ಯಾಯ. ಅದರ 12ನೇ ವಚನದಲ್ಲಿ ಯೋಹಾನ ಹೇಳೋದೇನು? ಬರೆಯೋದು ಇನ್ನೂ ಬಹಳ ಇದೆ, ಆದ್ರೆ ಕಾಗದ ಮಸಿಯಲ್ಲಿ ಬೇಡ, ನಾನೇ ಬರ್ತೀನಿ, ಎದುರೆದುರು ಮಾತಾಡೋಣ, ಆಗ ನಮ್ಮ ಸಂತೋಷ ಪೂರ್ಣ ಆಗುತ್ತೆ. ಅವನು ಕಾಗದ ಬಳಸಿದ, ತಪ್ಪು ಅನ್ನಲಿಲ್ಲ. ಕಾಗದದಲ್ಲಿ ಆಗದ ಒಂದು ಇದೆ ಅಂತ ಅವನಿಗೆ ಗೊತ್ತಿತ್ತು. ನಮ್ಮ ದೇವರೂ ಪ್ರವಾದಿಗಳ ಮೂಲಕ ಮಾತಾಡಿ ಅಲ್ಲಿಗೇ ಬಿಡ್ಲಿಲ್ಲ, ವಾಕ್ಯವಾಗಿದ್ದಾತನೇ ಮನುಷ್ಯನಾಗಿ ನಮ್ಮ ಮಧ್ಯೆ ಬಂದ. ಹಲ್ಲೆಲೂಯಾ!

ಮೂರನೆಯದು, ಮಾತು ಕೇಳೋದು. ಯಾಕೋಬ 1:22ರಿಂದ ನೋಡಿ. ವಾಕ್ಯ ಕೇಳಿ ಅದರಂತೆ ನಡೆಯದೋನು ಕನ್ನಡಿ ನೋಡಿಕೊಂಡು ಹೋಗಿ ತನ್ನ ಮುಖ ಹೇಗಿತ್ತು ಅಂತ ಮರೆತೋನ ಹಾಗೆ. ಇದರಲ್ಲಿ ನನಗೆ ಹೆದರಿಕೆ ಹುಟ್ಟಿಸೋ ಮಾತು ಯಾವುದು ಅಂದ್ರೆ, ಬರೀ ಕೇಳೋನು ತನ್ನನ್ನ ತಾನೇ ಮೋಸ ಮಾಡ್ಕೊಳ್ತಾನೆ ಅನ್ನೋದು. ಮೋಸ ಯಾಕೆ? ಯಾಕಂದ್ರೆ ಕೇಳಿದಾಗ ಏನೋ ಮಾಡಿದ ತೃಪ್ತಿ ಬರುತ್ತೆ. ಮೆಟ್ರೋದಲ್ಲಿ ನನ್ನ ಕಣ್ಣಲ್ಲಿ ನೀರು ಬಂತು ಅಂದ್ನಲ್ಲ, ನಾನು ಕ್ಷಮಿಸಿದೆ ಅಂತಲೇ ಅಂದ್ಕೊಂಡಿದ್ದೆ. ಅಳು ಬಂದಿದ್ದು ನಿಜ. ಆದ್ರೆ ಅಣ್ಣನ ನಂಬರ್ ಒತ್ತಿರಲಿಲ್ಲ.

ಈಗ ಉಳಿದ ಸಾಕ್ಷಿ ಹೇಳ್ಬೇಕು. ಮಾರನೇ ದಿನ ಮೆಟ್ರೋದಲ್ಲಿ ಏನೂ ಹಾಕ್ಲಿಲ್ಲ. ಸುಮ್ಮನೆ ಕೂತಿದ್ದೆ. ಮತ್ತಾಯ 5ರಲ್ಲಿ ಕರ್ತನು ಹೇಳಿದ್ದು ನೆನಪಾಯ್ತು, ಕಾಣಿಕೆಯನ್ನ ಯಜ್ಞವೇದಿಯ ಮುಂದೇನೇ ಬಿಟ್ಟು ಮೊದಲು ಹೋಗಿ ಸಹೋದರನ ಜೊತೆ ಸಮಾಧಾನ ಮಾಡ್ಕೋ ಅಂತ. ಇಂದಿರಾನಗರದಲ್ಲಿ ಇಳಿದು, ಆಫೀಸಿಗೆ ಹೋಗೋ ಮೊದಲು ಅಣ್ಣನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಸಂಜೆ ಮಾಡಿದೆ. ಎತ್ತಲಿಲ್ಲ. ಮೂರನೇ ದಿನ ಎತ್ತಿದ. ನಾಲ್ಕು ನಿಮಿಷ ಮಾತಾಡಿದ್ವಿ. ಅದರಲ್ಲಿ ಮೂರು ನಿಮಿಷ ಅಮ್ಮನ ಶುಗರ್ ಮಾತ್ರೆ ಬಗ್ಗೆ. ಕೊನೆಗೆ, “ಅಣ್ಣ, ಅವತ್ತು ಮನೇಲಿ ನಾನು ಹಾಗೆ ಮಾತಾಡಬಾರದಿತ್ತು” ಅಂದೆ. ಅವನು “ಹೂಂ, ಸರಿ ಬಿಡು, ಆಫೀಸಿಗೆ ಹೊತ್ತಾಗುತ್ತೆ ನಿಂಗೆ” ಅಂದ.

ಅಷ್ಟೇ. ಇಬ್ಬರೂ ಅತ್ತು ತಬ್ಬಿಕೊಂಡ ಕಥೆ ನನ್ನ ಹತ್ರ ಇಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಒಂದೇ ಮನೆಯಲ್ಲಿ ಊಟ ಮಾಡಿದ್ವಿ. ದುಡ್ಡಿನ ಮಾತು ಇನ್ನೂ ಇಬ್ಬರೂ ಎತ್ತಿಲ್ಲ. ಆ ಎಕ್ಸೆಲ್ ಫೈಲನ್ನ ಅಳಿಸಿದೆ. ಅಳಿಸಿದ್ರೂ ಮೊತ್ತ ನೆನಪಿದೆ, ದೇವರ ಮುಂದೆ ಸುಳ್ಳು ಹೇಳಲ್ಲ. ಪ್ರತಿಸಾರಿ ನೆನಪಾದಾಗ ಮತ್ತೆ ಪ್ರಾರ್ಥನೆ ಮಾಡ್ತೀನಿ. ಆದ್ರೆ ಒಂದು ಹೇಳ್ತೀನಿ, ಮೂರು ವರ್ಷದ ಪ್ರಸಂಗಗಳು ನನ್ನೊಳಗೆ ಮಾಡದ ಕೆಲಸವನ್ನ ದೇವರು ಆ ನಾಲ್ಕು ನಿಮಿಷದಲ್ಲಿ ಶುರು ಮಾಡಿದ. ಹಾಗಂತ ಆ ಪ್ರಸಂಗಗಳು ವ್ಯರ್ಥ ಅಂತಲ್ಲ. ಬೀಜ ಅಲ್ಲೇ ಬಿದ್ದಿತ್ತು. ನಾನು ಮಣ್ಣು ಅಗೆಯೋಕೆ ಬಿಟ್ಟಿರಲಿಲ್ಲ.

ಈ ವಾರಕ್ಕೆ ನಿಮಗೆ ಒಂದು ಕೆಲಸ ಕೊಡ್ತೀನಿ. ಹತ್ತು ಪ್ರಸಂಗ ಬೇಡ, ಒಂದೇ ಕೇಳಿ. ಮಾಮೂಲಿ ವೇಗದಲ್ಲಿ ಕೇಳಿ. ಮುಗಿದ ಮೇಲೆ ಇಯರ್‌ಫೋನ್ ತೆಗೆದು, ‘ಇದನ್ನ ಯಾರಿಗೆ ಕಳಿಸ್ಲಿ’ ಅಂತ ಯೋಚಿಸೋ ಮೊದಲು, ‘ಕರ್ತನೇ, ಇದರಲ್ಲಿ ನನಗೆ ಏನು ಹೇಳ್ತಿದ್ದೀಯ’ ಅಂತ ಕೇಳಿ. ಅರ್ಥ ಆಗದಿದ್ರೆ ಸಭೆಯಲ್ಲಿ ಒಬ್ಬರನ್ನ ಕೇಳಿ. ಅರ್ಥ ಆದ್ರೆ, ಅದರಲ್ಲಿ ಒಂದು ಮಾತು ಕೇಳಿ. ಮೂರೂ ಕೇಳಿ.

ನಿಮ್ಮಲ್ಲಿ ಯಾರಿಗಾದ್ರೂ ಈಗಲೇ ಒಂದು ನಂಬರ್ ನೆನಪಾಗಿದ್ರೆ, ಕೊನೇ ಹಾಡು ಮುಗಿಯೋವರೆಗೂ ಕಾಯಬೇಡಿ. ಎದ್ದು ಹೊರಗೆ ಹೋಗಿ ಫೋನ್ ಮಾಡಿ ಬನ್ನಿ. ಯಾರೂ ಏನೂ ಅಂದ್ಕೊಳ್ಳಲ್ಲ. ಎತ್ತದಿದ್ರೆ ನಾಳೆ ಮತ್ತೆ ಮಾಡಿ.

ಪ್ರಾರ್ಥನೆ ಮಾಡೋಣ. ತಂದೆಯೇ, ನಿನ್ನ ವಾಕ್ಯವನ್ನ ಇಷ್ಟು ಸುಲಭವಾಗಿ ನಮ್ಮ ಕೈಗೆ ಕೊಟ್ಟಿದ್ದಕ್ಕೆ ಸ್ತೋತ್ರ. ಕೇಳಿ ಕೇಳಿ ನಮ್ಮ ಕಿವಿ ಮರಗಟ್ಟದ ಹಾಗೆ ಕಾಪಾಡು. ಈ ವಾರ ನಮ್ಮಲ್ಲಿ ಒಬ್ಬೊಬ್ಬರೂ ಒಂದೊಂದು ಮಾತನ್ನಾದರೂ ಕೇಳುವಂತೆ ನಿನ್ನ ಪವಿತ್ರಾತ್ಮನಿಂದ ಬಲ ಕೊಡು. ಯೇಸುವಿನ ನಾಮದಲ್ಲಿ ಬೇಡ್ತೀವಿ, ಆಮೆನ್.