ತೆರೆಯದ ಕಡತ, ಸಲ್ಲದ ಕಾಯಕ

ಹೊಸ ಆವೃತ್ತಿ ಹಾಕಿಕೊಳ್ಳದೆ ಹಳೆಯ ಸಾಫ್ಟ್‌ವೇರನ್ನೇ ಹಿಡಿದು ಕೂರುವುದು ನಿಷ್ಠೆಯೋ, ಮೋಹವೋ? ರಾಯದುರ್ಗದಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿರುವ ನನಗೆ ಇದು ದಿನನಿತ್ಯದ ಪ್ರಶ್ನೆ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದ ಸೀಮೆ ನಮ್ಮದು. ಲಗ್ನಪತ್ರಿಕೆ ತೆಲುಗಿನಲ್ಲೂ ಆಗುತ್ತದೆ, ಭಜನೆ ಪುಸ್ತಕ ಮಾತ್ರ ಕನ್ನಡದಲ್ಲೇ ಬೇಕೆಂದು ಬರುವವರು ಇದ್ದಾರೆ.

ಮಡಕಶಿರಾ ಕಡೆಯ ಹಿರಿಯರೊಬ್ಬರು ತತ್ವಪದಗಳ ಪುಸ್ತಕ ಮರುಮುದ್ರಣವಾಗಬೇಕೆಂದು ಹಳೆಯ ಸಿ.ಡಿ. ತಂದರು. ಪೇಜ್‌ಮೇಕರ್ ಕಡತ, ಹಳೆಯ ನುಡಿ ಫಾಂಟು. 2001ರ 7.0 ಆದ ಮೇಲೆ ಪೇಜ್‌ಮೇಕರ್ ಮುಂದಕ್ಕೆ ಬೆಳೆಯಲಿಲ್ಲ. ಅದರ ಕಡತಗಳು ಇನ್‌ಡಿಸೈನ್ ಸಿಎಸ್6ರ ತನಕ ತೆರೆಯುತ್ತವೆ, ಆಮೇಲಿನವುಗಳಲ್ಲಿ ತೆರೆಯವು. ಹಳೆಯ ಕಂಪ್ಯೂಟರಿನಲ್ಲಿ ತೆರೆದು ಪಠ್ಯವನ್ನು ಹೊಸದರಲ್ಲಿ ಅಂಟಿಸಿದರೆ ಪುಟದ ತುಂಬ ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಕ್ಕೆ. "ಎಲ್ಲಾ ಹೋಯ್ತೇನಪ್ಪಾ?" ಅಂದರು. ಹೋಗಿರಲಿಲ್ಲ. ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು ತಪ್ಪಿದ ಕಡೆಯೆಲ್ಲ ತಿದ್ದುತ್ತ ಹೋದೆ. ಅವರು ಪರದೆ ನೋಡಲೇ ಇಲ್ಲ. ಕಣ್ಣು ಮುಚ್ಚಿ ಪದಗಳನ್ನು ಬಾಯಿಪಾಠ ಹೇಳುತ್ತಿದ್ದರು, ನಾನು ಹೋಲಿಸಿ ನೋಡುತ್ತಿದ್ದೆ.

ದುಡಿದದ್ದು ದಾಸೋಹವಾಗಿ ಇನ್ನೊಬ್ಬರಿಗೆ ಸಂದಾಗಲೇ ಕಾಯಕ ಪೂರ್ತಿಯಾಗುವುದೆಂಬ ಶರಣರ ವಿಚಾರವನ್ನು ನಾನು ನಂಬಿದವನು. ಆ ಲೆಕ್ಕದಲ್ಲಿ, ನನ್ನ ಯಂತ್ರದಲ್ಲಿ ಮಾತ್ರ ತೆರೆಯುವ ಕಡತ ಎಷ್ಟೇ ಚಂದವಿದ್ದರೂ ಅರೆಗೆಲಸ. ಹಾಗೆಂದು ಹೊಸದು ಬಂದ ದಿನವೇ ಅದಕ್ಕೆ ಮರುಳಾಗಲಾರೆ. ಮದುವೆ ಸೀಸನ್ನಿನ ನಡುವೆ ಅಪ್‌ಡೇಟ್ ಆದ ಬೆಳಿಗ್ಗೆ ಒತ್ತಕ್ಷರಗಳೆಲ್ಲ ಬಿಚ್ಚಿಕೊಂಡು ಪಕ್ಕಕ್ಕೆ ಸರಿದದ್ದನ್ನು ಕಂಡಿದ್ದೇನೆ. ವರನ ಹೆಸರೇ ಓದಲು ಬರುತ್ತಿರಲಿಲ್ಲ. ಕೈಯಲ್ಲಿ ಕೆಲಸವಿರುವಾಗ ಅಪ್‌ಡೇಟ್ ತಾನಾಗಿ ಆಗದಂತೆ ನಿಲ್ಲಿಸಿರುತ್ತೇನೆ. ಬಿಡುವಾದಾಗ ಹಾಕಿ, ಕಡತದ ನಕಲನ್ನು ತೆರೆದು ನೋಡುತ್ತೇನೆ, ಮೂಲವನ್ನು ಮುಟ್ಟುವುದಿಲ್ಲ.

ಮಡಕಶಿರಾ ಸೀಮೆಯ ಹೇಮಾವತಿ ನೊಳಂಬರ ರಾಜಧಾನಿಯಾಗಿದ್ದ ಊರು, ಅಲ್ಲಿ ಆ ಕಾಲದ ಕನ್ನಡ ಶಾಸನಗಳಿವೆ. ಕಲ್ಲು ಉಳಿದಿದೆ, ಭಾಷೆಯೂ ನಮ್ಮದೇ. ಆದರೂ ಲಿಪಿ ಬದಲಾದ್ದರಿಂದ ನಮ್ಮಂಥವರಿಗೆ ಓದಲಾಗದು. ಶಾಸನತಜ್ಞರು ಕೂತು ಇಂದಿನ ಅಕ್ಷರಕ್ಕೆ ಇಳಿಸಿಕೊಟ್ಟಿದ್ದರಿಂದ ನಮಗೆ ದಕ್ಕಿವೆ. ನನ್ನ ಹಳೆಯ ಕಂಪ್ಯೂಟರನ್ನು ಇಟ್ಟುಕೊಂಡಿರುವುದೂ ಅದೇ ಕೆಲಸಕ್ಕೆ. ಅದರೊಳಗಿನ ಪುಸ್ತಕಗಳನ್ನು ಹೊರಗೆ ತೆಗೆಯದೆ ಸುಮ್ಮನೆ ಕಾಯುತ್ತ ಕೂತರೆ ಅದು ಮೋಹವೇ ಸರಿ.

ಮಠದವರಲ್ಲಿ, ಭಜನಾ ಮಂಡಳಿಯವರಲ್ಲಿ ಒಂದು ಕೋರಿಕೆ: ಪುಸ್ತಕ ಅಚ್ಚಾದ ಮೇಲೆ ಪಿಡಿಎಫ್ ಜತೆಗೆ ಯೂನಿಕೋಡ್ ಪಠ್ಯವನ್ನೂ ಡಿಟಿಪಿಯವರಿಂದ ಕೇಳಿ ಪಡೆಯಿರಿ.