ಕೈಯ ಶೌಚ, ಬಟ್ಟೆಯ ಮಡಿ



ಗೀತೆಯ ಹದಿನಾರನೆಯ ಅಧ್ಯಾಯದಲ್ಲಿ ಶ್ರೀಕೃಷ್ಣಪರಮಾತ್ಮನು ದೈವೀಸಂಪತ್ತಿನ ಗುಣಗಳನ್ನು ಎಣಿಸುವಾಗ ತೇಜಸ್ಸು, ಕ್ಷಮೆ, ಧೃತಿಗಳ ಜೊತೆಯಲ್ಲಿಯೇ ಶೌಚವನ್ನೂ ಹೇಳಿದ್ದಾನೆ. ಶೌಚವೆಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಎತ್ತರದ ಗಳದ ಮೇಲೆ ಯಾರೂ ಮುಟ್ಟದಂತೆ ಹರವಿದ ಪಂಚೆ, ಸೀರೆ, ಮೂಲೆಯಲ್ಲಿ ನಿಲ್ಲಿಸಿದ ಮಡಿಕೋಲು. ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈಗಳ ಎರಡು ಕೋಣೆಯ ಮನೆಗಳಿಗೆ ಬಂದರೂ ಆ ಮಡಿಕೋಲನ್ನು ನಾವು ಬಿಟ್ಟಿಲ್ಲ, ಸಂತೋಷದ ಸಂಗತಿಯೇ. ಆದರೆ ಬಟ್ಟೆಯನ್ನು ಒಗೆದ ಕೈಯ ವಿಷಯವನ್ನು ಎಷ್ಟು ಮಂದಿ ಯೋಚಿಸಿದ್ದೇವೆ? ಈ ಪ್ರಶ್ನೆಯನ್ನು ಪರರಿಗೆ ಕೇಳುವ ಅಧಿಕಾರ ನಮಗಿಲ್ಲ. ಏಕೆಂಬುದನ್ನು ಮುಚ್ಚಿಡದೆ ಹೇಳುತ್ತೇವೆ.

೨೦೧೧ನೆಯ ಇಸವಿಯ ಆಷಾಢ ಶುದ್ಧ ದ್ವಾದಶಿ. ಹಿಂದಿನ ದಿನ ಪ್ರಥಮೈಕಾದಶಿಯಂದು ಮನೆಮಂದಿ ತಪ್ತಮುದ್ರಾಧಾರಣೆ ಮಾಡಿಸಿಕೊಂಡು ಡೊಂಬಿವಲಿಯ ಮನೆಗೆ ಮಳೆಯಲ್ಲಿ ನೆನೆದು ಬಂದಿದ್ದೆವು. ಎಂಟು ತಿಂಗಳ ಮೊಮ್ಮಗನಿಗೆ ಎರಡು ದಿನಗಳಿಂದ ಭೇದಿ. ಸೊಸೆ ರಾತ್ರಿಯೆಲ್ಲ ಎದ್ದಿದ್ದು ಬೆಳಗಿನ ಜಾವಕ್ಕೆ ಕಣ್ಣು ಮುಚ್ಚಿದ್ದಳು. ಐದು ಗಂಟೆಗೆ ನಲ್ಲಿಯಲ್ಲಿ ನೀರು ಬಂದಿತು; ಮುಕ್ಕಾಲು ಗಂಟೆಯಲ್ಲಿ ನಿಂತುಹೋಗುವ ನೀರು. ಮಗುವಿನ ಬಟ್ಟೆಗಳು ಬಚ್ಚಲಲ್ಲಿ ಬಿದ್ದಿದ್ದವು. ಪಾಪ, ಮಲಗಲಿ ಎಂದು ನಾವೇ ಅವನ್ನು ಜಾಲಿಸಿ, ಹಿಂಡಿ, ಹಗ್ಗಕ್ಕೆ ಹಾಕಿದೆವು. ಅಷ್ಟರಲ್ಲಿ ಪಾರಣೆಯ ಆತುರ, ನೀರು ನಿಲ್ಲುವ ಭಯ. ತಲೆಯ ಮೇಲೆ ಎರಡು ತಂಬಿಗೆ ಸುರಿದುಕೊಂಡು ಸ್ನಾನವಾಯಿತೆಂದು ಭಾವಿಸಿ, ರೇಷ್ಮೆಯ ಮಡಿಯುಟ್ಟು ಪೂಜೆಗೆ ಕುಳಿತೆವು. ಕೈಗೆ ಸಾಬೂನು ತಾಕಲಿಲ್ಲ. ಉಗುರಿನ ಸಂದಿಯಾಗಲಿ ಉಂಗುರದ ಅಡಿಯಾಗಲಿ ನೆನಪಿಗೆ ಬರಲಿಲ್ಲ. ಅದೇ ಕೈಯಿಂದ ತೀರ್ಥಕ್ಕೆ ತುಳಸಿ ಹಾಕಿ, ಎಲ್ಲರಿಗೂ ಮೂರು ಮೂರು ಬಾರಿ ಕೊಟ್ಟೆವು. ಮೊದಲು ಕೈಯೊಡ್ಡಿದವರು ಎಂಬತ್ತೆರಡು ವರ್ಷದ ನಮ್ಮ ತಾಯಿಯವರು.

ಎರಡು ದಿನ ಕಳೆಯುವಷ್ಟರಲ್ಲಿ ತಾಯಿಯವರಿಗೆ ವಾಂತಿ, ಭೇದಿ. ಆಸ್ಪತ್ರೆಯಲ್ಲಿ ನಾಲ್ಕು ದಿನ ಸಲೈನು ಏರಿಸಿದರು. ನೋಡಲು ಬಂದ ಬಂಧುಗಳು, ಮಗುವಿನ ಮೈಲಿಗೆ ಮುಟ್ಟಿದ ಸೊಸೆ ಅಡಿಗೆಮನೆಗೆ ಬಂದದ್ದೇ ಇದಕ್ಕೆ ಕಾರಣವೆಂದು ನಿರ್ಣಯಿಸಿದರು. ಆಕೆ ತಲೆ ತಗ್ಗಿಸಿ ನಿಂತಿದ್ದಳು. ನಾವು ಅಲ್ಲಿಯೇ ಕುಳಿತಿದ್ದೆವು, ಬಾಯಿ ತೆರೆಯಲಿಲ್ಲ. ರೋಗ ನಮ್ಮ ಕೈಯಿಂದಲೇ ಬಂದಿತೆಂದು ಯಾರೂ ಸಾಧಿಸಲಾರರು, ಮಳೆಗಾಲದ ನೀರಿನಿಂದಲೂ ಬಂದಿರಬಹುದೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆವು. ಮಡಿಯುಟ್ಟವನ ಕೈಯನ್ನು ಯಾರು ತಾನೆ ಸಂಶಯಿಸುತ್ತಾರೆ!

ಶಾಸ್ತ್ರವಾದರೋ ಸಂಶಯಿಸುತ್ತದೆ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಮಲಶೌಚದ ವಿಧಿಯನ್ನು ಹೇಳುವಲ್ಲಿ, ಎಡಗೈಗೆ ಹತ್ತು ಬಾರಿ, ಆಮೇಲೆ ಎರಡೂ ಕೈಗಳಿಗೆ ಏಳು ಬಾರಿ ಮೃತ್ತಿಕೆ ಹಚ್ಚಿ ತೊಳೆಯಬೇಕೆಂದಿದೆ. ಇದು ಗೃಹಸ್ಥನಿಗೆ. ಬ್ರಹ್ಮಚಾರಿಗೆ ಇದರ ಎರಡರಷ್ಟು, ವಾನಪ್ರಸ್ಥನಿಗೆ ಮೂರರಷ್ಟು, ಯತಿಗಳಿಗೆ ನಾಲ್ಕರಷ್ಟು. ವಿರಕ್ತಿ ಹೆಚ್ಚಿದಂತೆ ಕೈತೊಳೆಯುವುದೂ ಹೆಚ್ಚುತ್ತದೆಯೇ ಹೊರತು, ಹಿರಿಯರೆಂದು ವಿನಾಯಿತಿಯಿಲ್ಲ. ಇಷ್ಟೇ ಅಲ್ಲ, ಶೌಚ ಬೇರೆ, ಸ್ನಾನ ಬೇರೆ. ಎರಡು ತಂಬಿಗೆ ನೀರು ತಲೆಗೆ ಬಿದ್ದ ಮಾತ್ರಕ್ಕೆ ಕೈಗೆ ಹೇಳಿದ್ದು ತೀರಿಹೋಗುವುದಿಲ್ಲ. ಮಗುವಿನ ಮಲವನ್ನೋ ರೋಗಿಯ ವಾಂತಿಯನ್ನೋ ಬಟ್ಟೆಯ ಮೂಲಕ ಮುಟ್ಟಿದ ಕೈಗೆ ಈ ವಿಧಿ ಹೊಂದದೆಂದು ಯಾರು ಹೇಳಬಲ್ಲರು?

ಮೃತ್ತಿಕೆಯ ಸ್ಥಾನದಲ್ಲಿ ಇಂದು ಸಾಬೂನಿದೆ. ಕಣ್ಣಿಗೆ ಕಾಣದ ರೋಗಾಣುಗಳು ಚರ್ಮದ ಜಿಡ್ಡಿಗೆ ಅಂಟಿಕೊಂಡಿರುತ್ತವೆ. ಬರಿಯ ನೀರು ಜಿಡ್ಡನ್ನು ಬಿಡಿಸಲಾರದು. ಸಾಬೂನು ಅದನ್ನು ಸಡಿಲಿಸುತ್ತದೆ, ಹರಿಯುವ ನೀರು ಒಯ್ಯುತ್ತದೆ. ಅದಕ್ಕೆ ಸುಮಾರು ೨೦ ಸೆಕೆಂಡು ಉಜ್ಜಬೇಕೆಂದು ವೈದ್ಯರ ಮತ. ಮನಸ್ಸಿನಲ್ಲಿಯೇ ಕೇಶವಾದಿ ಇಪ್ಪತ್ತನಾಲ್ಕು ನಾಮಗಳನ್ನು ಅವಸರವಿಲ್ಲದೆ ಸ್ಮರಿಸಿದರೆ ಅಷ್ಟು ಹೊತ್ತಾಗುತ್ತದೆ, ಸ್ಮರಣೆಗೆ ಮೈಲಿಗೆಯಿಲ್ಲ. ಬೆರಳ ಸಂದಿ, ಕೈಯ ಹಿಂಭಾಗ, ಉಗುರಿನ ತುದಿ ಯಾವುದೂ ಉಳಿಯಬಾರದು. ಉಂಗುರವನ್ನು ತೆಗೆದು ತೊಳೆಯತಕ್ಕದ್ದು. ನೀರಿನ ಅಭಾವವಿದ್ದರೆ ಒಂದು ತಂಬಿಗೆ ಸಾಕು, ಆದರೆ ಇನ್ನೊಬ್ಬರು ಮೇಲಿನಿಂದ ಹೊಯ್ಯಲಿ. ಕೊಳೆಯ ಕೈಯನ್ನು ಬಕೆಟ್ಟಿನಲ್ಲಿ ಅದ್ದಿದರೆ ನೀರೆಲ್ಲ ಕೆಟ್ಟಿತು.

ಬಟ್ಟೆಯ ವಿಷಯದಲ್ಲಿ ಹೇಳುವುದು ಸ್ವಲ್ಪ. ಮಲ ತಾಗಿದ ಬಟ್ಟೆಯನ್ನು ಕೊಡವಬಾರದು. ಮಲವನ್ನು ಶೌಚಾಲಯದಲ್ಲಿ ಕಳೆದು, ಬೇರೆ ಬಕೆಟ್ಟಿನಲ್ಲಿ ಬಿಸಿನೀರಿಗೆ ಹಾಕಿ ಒಗೆಯತಕ್ಕದ್ದು. ಈಗ ಅನೇಕ ಮನೆಗಳಲ್ಲಿ ವಾಷಿಂಗ್ ಮೆಷಿನ್ ಇದೆ. ತಣ್ಣೀರಿನಲ್ಲಿ ತಿರುಗಿದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ. ಬಟ್ಟೆ ತುಂಬಿದ ಮೇಲೊಮ್ಮೆ, ಒದ್ದೆಬಟ್ಟೆ ತೆಗೆದ ಮೇಲೊಮ್ಮೆ ಕೈ ತೊಳೆಯಲೇಬೇಕು. ಬಿಸಿಲು ಸಿಕ್ಕಾಗ ಬಿಸಿಲಿಗೇ ಹಾಕಿರಿ. ಹಲವರ ಮನೆಯಲ್ಲಿ ಒಗೆಯಲು ಕೆಲಸದಾಕೆ ಬರುತ್ತಾಳೆ. ಬಟ್ಟೆಗೆ ಪುಡಿಯನ್ನು ಅಳೆದು ಕೊಡುವ ನಾವು ಆಕೆಯ ಕೈಗೆಂದು ಒಂದು ತುಂಡು ಸಾಬೂನು ಇಟ್ಟಿದ್ದೇವೆಯೆ? ಆಕೆಯೂ ಅದೇ ಕೈಯಿಂದ ಮನೆಗೆ ಹೋಗಿ ಮಕ್ಕಳಿಗೆ ಅನ್ನ ಕಲಸಬೇಕಲ್ಲವೆ?

ತಾಯಿಯವರು ಶ್ರೀಹರಿಯ ಕೃಪೆಯಿಂದ ಗುಣವಾಗಿ ಬಂದರು. ಮುಂದಿನ ದ್ವಾದಶಿಯಂದು ಅವರಿಗೆ ತೀರ್ಥ ಕೊಡಲು ಕೈ ಏಳಲಿಲ್ಲ. ಉದ್ಧರಣೆಯನ್ನು ಕೆಳಗಿಟ್ಟು ನಡೆದುದನ್ನೆಲ್ಲ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದ ಅವರು, “ಆ ಹುಡುಗಿಗೆ ಹೇಳಿದಿಯೇನೋ?” ಎಂದು ಮಾತ್ರ ಕೇಳಿದರು.

ಹೇಳಿರಲಿಲ್ಲ. ಅಂದು ಸಂಜೆ, ಹಿಂದೆ ಆಕೆಯನ್ನು ಆಡಿಕೊಂಡಿದ್ದ ಬಂಧುಗಳನ್ನು ಮನೆಗೆ ಕರೆಯಿಸಿ, ಅವರೆಲ್ಲರ ಎದುರಿಗೆ ಹೇಳಿದೆವು.